ಸೈನ್ಯದ ಕೆಲಸ, ಓಟ, ಡಿಗ್ರಿ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಕನ್ನಡದ ಮಕ್ಕಳು ಸೈನ್ಯಕ್ಕೆ ಸೇರಬೇಕು ಅಂತ ಬಂದಾಗ ಮೊದಲು ಕೇಳುವುದು ಓಟದ ಬಗ್ಗೆ. ಅವರ ಅಪ್ಪ ಅಮ್ಮ ಕೇಳುವುದು ಓದಿನ ಬಗ್ಗೆ. ಸೈನ್ಯದಲ್ಲಿದ್ದುಕೊಂಡೇ ಡಿಗ್ರಿ ಮುಗಿಸಿದವನು ನಾನು. ಈಗ ಬೆಳಿಗ್ಗೆ ಈ ಮಕ್ಕಳ ಜೊತೆ ಮೈದಾನದಲ್ಲಿ, ಸಂಜೆ ಅವರ ಪುಸ್ತಕದ ಜೊತೆ ಇರುತ್ತೇನೆ. ಎಲ್ಲರಿಗೂ ಹೇಳುವ ಮಾತು ಒಂದೇ: ಓಟದ ನೆಪದಲ್ಲಿ ಓದನ್ನು "ಆಮೇಲೆ ನೋಡೋಣ" ಅಂತ ತಳ್ಳಬೇಡಿ. ಕೆಳಗಿನ ಉತ್ತರಗಳೆಲ್ಲ ಆ ಮಾತನ್ನು ಇಟ್ಟುಕೊಂಡೇ ಬರೆದದ್ದು.

ಮಾಷೇ, ಪ್ಲಸ್ ಟು ಆದ ಕೂಡಲೇ ಹೋಗಬೇಕಾ, ಡಿಗ್ರಿ ಮುಗಿಸಿ ಹೋಗಬೇಕಾ?

ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಅನ್ನುವುದರ ಮೇಲಿದೆ.

ಜವಾನನಾಗಿ ಹೋಗುವುದಾದರೆ ಈಗಿರುವುದು ಅಗ್ನಿಪಥ ಯೋಜನೆ. ಇದರಲ್ಲಿ ನಾಲ್ಕು ವರ್ಷಕ್ಕೆ ಸೇರುವ ಸೈನಿಕನೇ ಅಗ್ನಿವೀರ. 2022ರ ಜೂನ್‌ನಲ್ಲಿ ಬಂದದ್ದು. ಹದಿನೇಳೂವರೆ ವರ್ಷಕ್ಕೆ ಬಾಗಿಲು ತೆರೆಯುತ್ತದೆ, ಇಪ್ಪತ್ತರ ಆಚೆ ಬೇಗ ಮುಚ್ಚಿಯೂ ಬಿಡುತ್ತದೆ. ಮೂರು ವರ್ಷ ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ವಯಸ್ಸು ದಾಟಿ ಹೋದವರು ನಮ್ಮಲ್ಲಿ ಬೇಕಾದಷ್ಟು ಜನ. ಆದ್ದರಿಂದ ಜವಾನನ ಕೆಲಸವೇ ಬೇಕು ಅಂತಿದ್ದರೆ ಪ್ಲಸ್ ಟು ಆದ ವರ್ಷವೇ ಪ್ರಯತ್ನ ಶುರು ಮಾಡಿ. ಕಾಲೇಜಿಗೂ ಸೇರಿ. ಒಂದು ಕೈಬಿಟ್ಟರೆ ಇನ್ನೊಂದು ಇರಲಿ.

ಜನರಲ್ ಡ್ಯೂಟಿಗೆ ಹತ್ತನೇ ಕ್ಲಾಸ್ ಸಾಕು: ಒಟ್ಟು 45 ಶೇಕಡಾ, ಪ್ರತಿ ವಿಷಯದಲ್ಲಿ 33. ಕ್ಲರ್ಕ್ ಹುದ್ದೆಗೆ ಪ್ಲಸ್ ಟುವಿನಲ್ಲಿ 60 ಶೇಕಡಾ ಬೇಕು. ಟೆಕ್ನಿಕಲ್‌ಗೆ ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಇಂಗ್ಲಿಷ್ ಇರಬೇಕು. "ಹೇಗೂ ಮಿಲಿಟರಿ, ಓಡಿದರೆ ಸಾಕು" ಅಂತ ಪ್ಲಸ್ ಟುವಿನಲ್ಲಿ ಮಾರ್ಕ್ ಬಿಟ್ಟುಕೊಟ್ಟವರಿಗೆ ಈ ಎರಡು ಬಾಗಿಲು ಆಗಲೇ ಮುಚ್ಚಿರುತ್ತದೆ.

ಆಫೀಸರ್ ಆಗಬೇಕು ಅಂತಿದ್ದರೆ ಲೆಕ್ಕ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ನಮಗೆ ಮಂಗಳೂರು ಹತ್ತಿರ. ಅಲ್ಲಿಯ ಸೈನ್ಯ ಭರ್ತಿಯ ರ‍್ಯಾಲಿಗೆ ಹೋಗಬಹುದಾ?

ಆಗುವುದಿಲ್ಲ. ತಲಪಾಡಿ ದಾಟಿದರೆ ಮಂಗಳೂರು ಸರಿ, ಆದರೆ ಸೈನ್ಯ ನೋಡುವುದು ನಿಮ್ಮ ಖಾಯಂ ವಿಳಾಸ. ಕಾಸರಗೋಡು ಜಿಲ್ಲೆಯವರು ಕೋಝಿಕ್ಕೋಡಿನ ಭರ್ತಿ ಕಚೇರಿಗೆ ಸೇರುತ್ತಾರೆ. ಬೇರೆ ಗಡಿಗಳಲ್ಲೂ ಹೀಗೆಯೇ: ಅಕ್ಕಲಕೋಟೆ, ಜತ್ ಕಡೆಯ ಕನ್ನಡಿಗರು ಕೊಲ್ಹಾಪುರಕ್ಕೆ, ತಾಳವಾಡಿಯವರು ಕೊಯಮತ್ತೂರಿಗೆ, ಆದೋನಿ, ರಾಯದುರ್ಗದವರು ಗುಂಟೂರಿಗೆ. ಭಾಷೆ ಯಾವುದಾದರೂ ಇರಲಿ, ರಾಜ್ಯ ಯಾವುದೋ ಅದೇ ಕಚೇರಿ. ಮಂಗಳೂರಿನ ಮಾವನ ಮನೆಯ ವಿಳಾಸ ಹಾಕಿ ಅರ್ಜಿ ಕೊಡುವ ಯೋಚನೆ ದಯವಿಟ್ಟು ಬೇಡ. ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ.

ಪರೀಕ್ಷೆ ಕನ್ನಡದಲ್ಲಿ ಬರೆಯಬಹುದಾ?

ಬರೆಯಬಹುದು. 2025ರಿಂದ ಅಗ್ನಿವೀರ್ ಆನ್‌ಲೈನ್ ಪರೀಕ್ಷೆ 13 ಭಾಷೆಗಳಲ್ಲಿ ಇದೆ, ಕನ್ನಡವೂ ಇದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಗಣಿತ ಕಲಿತು, ಪ್ಲಸ್ ಟುವಿನಲ್ಲಿ ಇಂಗ್ಲಿಷಿಗೆ ಹಾರಿ, ಮನೆಯ ಹೊರಗೆ ಮಲಯಾಳ ಮಾತಾಡಿ, ಕೊನೆಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಪ್ರಶ್ನೆ ಓದಬೇಕಾಗಿತ್ತು. ಪ್ರಶ್ನೆ ಅರ್ಥವಾಗುವುದರಲ್ಲೇ ಅರ್ಧ ಸಮಯ ಹೋಗುತ್ತಿತ್ತು.

ಆದರೆ ಸೇರಿದ ಮೇಲೆ ಹಿಂದಿ ಬೇಕೇ ಬೇಕು. ಉಸ್ತಾದ್ ಮೈದಾನದಲ್ಲಿ ಹೇಳುವುದು ಹಿಂದಿಯಲ್ಲಿ, ರೋಲ್ ಕಾಲ್ ಹಿಂದಿಯಲ್ಲಿ, ಆದೇಶ ಹಿಂದಿಯಲ್ಲಿ. ಪರೀಕ್ಷೆಗೆ ಕನ್ನಡ, ಬದುಕಿಗೆ ಹಿಂದಿ ಅಂತ ಈಗಿನಿಂದಲೇ ಎರಡನ್ನೂ ಹಿಡಿದುಕೊಳ್ಳಿ.

1.6 ಕಿಲೋಮೀಟರ್ ಓಟಕ್ಕೆ ಎಷ್ಟು ತಯಾರಿ ಬೇಕು? ಓದಿಗೆ ಸಮಯ ಉಳಿಯುತ್ತದಾ?

ಖಂಡಿತ ಉಳಿಯುತ್ತದೆ. ದಿನಕ್ಕೆ ಒಂದೂವರೆ ಗಂಟೆಗಿಂತ ಜಾಸ್ತಿ ಮೈದಾನದಲ್ಲಿ ಇರುವ ಹುಡುಗರನ್ನು ನಾನೇ ಮನೆಗೆ ಕಳಿಸುತ್ತೇನೆ.

ಮೊದಲು ಗುರಿ ಏನು ಅಂತ ತಿಳಿದುಕೊಳ್ಳಿ. 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. 5.45ರೊಳಗೆ ಬಂದರೆ 48. ಇತ್ತೀಚೆಗೆ 6 ನಿಮಿಷ 15 ಸೆಕೆಂಡಿನವರೆಗೆ ಬಂದವರಿಗೂ ಕಡಿಮೆ ಅಂಕ ಕೊಟ್ಟು ಉಳಿಸಿಕೊಳ್ಳುವ ಕ್ರಮ ಬಂದಿದೆ. ಬೀಮ್ ಮೇಲೆ 10 ಪುಲ್‌ಅಪ್ ಹೊಡೆದರೆ 40 ಅಂಕ, 6 ಹೊಡೆದರೆ 16. ಒಂಬತ್ತು ಅಡಿ ಹಳ್ಳ ಹಾರುವುದಕ್ಕೂ ಝಿಗ್‌ಝ್ಯಾಗ್ ಹಲಗೆಯ ಮೇಲೆ ನಡೆಯುವುದಕ್ಕೂ ಅಂಕ ಇಲ್ಲ, ಪಾಸಾದರೆ ಸಾಕು.

400 ಮೀಟರ್ ಟ್ರ್ಯಾಕ್‌ನಲ್ಲಿ ಇದು ನಾಲ್ಕು ಸುತ್ತು. ಐದೂವರೆ ನಿಮಿಷಕ್ಕೆ ಅಂದರೆ ಒಂದು ಸುತ್ತಿಗೆ 82 ಸೆಕೆಂಡ್. ನಮ್ಮ ಹುಡುಗರು ಎಲ್ಲಿ ಕೆಡುತ್ತಾರೆ ಗೊತ್ತಾ? ಮೊದಲ ಸುತ್ತಿನಲ್ಲಿ. ಸೀಟಿ ಊದಿದ ಕೂಡಲೇ ನೂರಾರು ಜನರ ಜೊತೆ ನುಗ್ಗಿ 70 ಸೆಕೆಂಡಿಗೆ ಮೊದಲ ಸುತ್ತು ಮುಗಿಸುತ್ತಾರೆ. ಮೂರನೇ ಸುತ್ತಿಗೆ ಬರುವಾಗ ಭುಜ ಕಿವಿಯ ಹತ್ತಿರ ಏರಿರುತ್ತದೆ, ಮುಷ್ಟಿ ಬಿಗಿದಿರುತ್ತದೆ, ಬಾಯಿ ತೆರೆದು ಉಸಿರು ಎಳೆಯುತ್ತಾರೆ, ಕಾಲು ಮಾತ್ರ ಮುಂದೆ ಹೋಗುವುದಿಲ್ಲ. ಅದಕ್ಕೇ ನಾನು ವಾಚ್ ಹಿಡಿದು ಒಂದೊಂದೇ ಸುತ್ತು ಓಡಿಸುತ್ತೇನೆ. ವಾಚ್ ನೋಡದೆ 82, 83ರಲ್ಲಿ ಬಂದು ನಿಲ್ಲುವ ಅಭ್ಯಾಸ ಕಾಲಿಗೇ ಆಗಬೇಕು.

ವಾರದಲ್ಲಿ ಮೂರು ದಿನ ಓಟ ಸಾಕು. ಒಂದು ದಿನ ಐದಾರು ಕಿಲೋಮೀಟರ್ ನಿಧಾನ ಓಟ, ಪಕ್ಕದವನ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ. ಒಂದು ದಿನ 400 ಮೀಟರ್‌ನ ಸುತ್ತುಗಳು, ನಡುವೆ ವಿಶ್ರಾಂತಿ ಕೊಟ್ಟು. ಒಂದು ದಿನ ಸಮಯ ಹಿಡಿದು ಪೂರ್ತಿ ಓಟ. ಉಳಿದ ದಿನಗಳಲ್ಲಿ ಪುಲ್‌ಅಪ್, ಪುಷ್‌ಅಪ್, ಹೊಟ್ಟೆಯ ವ್ಯಾಯಾಮ. ಒಂದು ದಿನ ಪೂರ್ತಿ ರಜೆ. ದಿನಾ ಸಾಯುವ ಹಾಗೆ ಓಡುವವನು ಬೇಗ ಸೊರಗುತ್ತಾನೆ. ಅವನ ಪುಸ್ತಕವೂ ಮುಚ್ಚಿಯೇ ಇರುತ್ತದೆ.

ಬೆಳಿಗ್ಗೆ ಓಡಿದರೆ ರಾತ್ರಿ ಪುಸ್ತಕ ಹಿಡಿದ ಕೂಡಲೇ ನಿದ್ದೆ ಬರುತ್ತದೆ. ಏನು ಮಾಡುವುದು?

ನಿದ್ದೆ ಮಾಡಿ. ನಿಜವಾಗಿ ಹೇಳುತ್ತಿದ್ದೇನೆ. ಓಟದಲ್ಲಿ ದಣಿದ ಸ್ನಾಯು ಸರಿಯಾಗುವುದೂ ನಿದ್ದೆಯಲ್ಲಿ, ಓದಿದ್ದು ತಲೆಯಲ್ಲಿ ಕೂರುವುದೂ ನಿದ್ದೆಯಲ್ಲಿ. ರಾತ್ರಿ ಒಂದು ಗಂಟೆಯವರೆಗೆ ಓದಿ ಬೆಳಿಗ್ಗೆ ಐದಕ್ಕೆ ಓಡಲು ಬರುವವನಿಗೆ ಎರಡೂ ದಕ್ಕುವುದಿಲ್ಲ.

ರಾತ್ರಿ ಹತ್ತಕ್ಕೆ ಮಲಗಿ ಐದಕ್ಕೆ ಎದ್ದರೆ ಏಳು ಗಂಟೆ ಆಯ್ತು. ಓಟ ಮುಗಿಸಿ, ಸ್ನಾನ ಮಾಡಿ, ತಿಂಡಿ ತಿಂದ ಮೇಲಿನ ಒಂದು ಗಂಟೆ ತಲೆ ಬಹಳ ಚುರುಕಾಗಿರುತ್ತದೆ. ಆ ಗಂಟೆಗೆ ಗಣಿತ ಇಟ್ಟುಕೊಳ್ಳಿ. ಜನರಲ್ ನಾಲೆಜ್, ಇತಿಹಾಸ ಇವನ್ನೆಲ್ಲ ಸಂಜೆಗೆ ಹಾಕಿ. ಕಾಲೇಜಿಗೆ ಬಸ್ಸಿನಲ್ಲಿ ಹೋಗುವವರಿಗೆ ಆ ಹೊತ್ತೂ ಇದೆ. ಬದಿಯಡ್ಕದಿಂದ ಕಾಸರಗೋಡಿಗೆ ಹೋಗುವಷ್ಟರಲ್ಲಿ ಹಿಂದಿಯ ಇಪ್ಪತ್ತು ಶಬ್ದ ಬಾಯಿಪಾಠ ಮಾಡಬಹುದು. ಮೊಬೈಲ್ ಜೇಬಿನಲ್ಲಿದ್ದರೆ ಮಾತ್ರ.

ಇನ್ನೊಂದು ಮಾತು. ಲೆಕ್ಕವನ್ನು ದಿನಕ್ಕೆ ಹಾಕಬೇಡಿ, ವಾರಕ್ಕೆ ಹಾಕಿ. ಇವತ್ತು ಜೋರು ಓಟ ಇದ್ದರೆ ಓದು ಕಡಿಮೆ ಇರಲಿ. ನಾಳೆ ರಜೆಯ ದಿನ, ಓದು ಜಾಸ್ತಿ ಇರಲಿ. ವಾರದ ಕೊನೆಗೆ ಎರಡೂ ತೂಗಿದರೆ ಸಾಕು.

ಮಳೆಗಾಲದಲ್ಲಿ ನಮ್ಮೂರಲ್ಲಿ ಓಡುವುದೆಲ್ಲಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕೆಂಪುಕಲ್ಲಿನ ಮೈದಾನಗಳು ಪಾಚಿ ಹಿಡಿದು ಜಾರುತ್ತವೆ. ಬಿದ್ದರೆ ಮಂಡಿ ಹೋಯ್ತು. ಹೈವೇ ಬದಿಯಲ್ಲಿ ಕತ್ತಲೆ ಇರುವಾಗ ಓಡುವುದಂತೂ ಬೇಡವೇ ಬೇಡ. ಮಳೆಗಾಲವನ್ನು ಓದಿಗೆ ಜಾಸ್ತಿ ಕೊಡಿ, ಮೈಯನ್ನು ಮಾಡಿನ ಕೆಳಗೆ ಕಾಪಾಡಿಕೊಳ್ಳಿ. ಶಾಲೆಯ ಜಗಲಿಯಲ್ಲಿ ಸ್ಕಿಪ್ಪಿಂಗ್, ಮೆಟ್ಟಿಲು ಹತ್ತಿ ಇಳಿಯುವುದು, ಪುಲ್‌ಅಪ್. ಪುಲ್‌ಅಪ್ ಕಂಬಿಗೆ ಅಡಿಕೆ ಮರದ ಸಲಾಕೆ ಕಟ್ಟುವವರಿದ್ದಾರೆ. ನೆನೆದರೆ ಅದು ಸೀಳುತ್ತದೆ. ಒಂದು ಕಬ್ಬಿಣದ ಪೈಪ್ ತಂದು ಭದ್ರವಾಗಿ ಕಟ್ಟಿ. ಮಳೆ ಹೊಳವಾದ ದಿನ ಬೇಕಲ ಕಡೆಯವರು ಕಡಲ ಬದಿಯ ಗಟ್ಟಿ ಮರಳಿನ ಮೇಲೆ ಓಡಬಹುದು. ಮೆತ್ತನೆ ಮರಳಿನಲ್ಲಿ ದಿನಾ ಓಡಿದರೆ ಹಿಮ್ಮಡಿಯ ನರ ಎಳೆಯುತ್ತದೆ.

ಊಟ ಏನು ಮಾಡಬೇಕು? ಜಿಮ್‌ನವರು ಪೌಡರ್ ತಗೋ ಅಂತಾರೆ.

ಮನೆಯ ಊಟ ಸಾಕು. ಕುಚಲಕ್ಕಿ ಗಂಜಿಗೆ ಹೆಸರುಕಾಳಿನ ಪಲ್ಯ, ಮೀನು ತಿನ್ನುವವರಾದರೆ ಬೂತಾಯಿ, ಬಂಗುಡೆ, ದಿನಕ್ಕೆ ಎರಡು ಮೊಟ್ಟೆ, ಒಂದು ಲೋಟ ಹಾಲು. ಹುರುಳಿ, ಬಸಳೆ, ನುಗ್ಗೆಸೊಪ್ಪು ಇವೆಲ್ಲ ನಮ್ಮ ಹಿತ್ತಲಲ್ಲೇ ಇವೆ. ಓಟಕ್ಕೆ ಮೊದಲು ಹೊಟ್ಟೆ ತುಂಬಿಸಬೇಡಿ, ಒಂದು ಬಾಳೆಹಣ್ಣು ಸಾಕು. ಕರಾವಳಿಯ ಸೆಕೆಯಲ್ಲಿ ಬೆವರು ತುಂಬಾ ಹೋಗುತ್ತದೆ, ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ.

ಹೆಸರಿಲ್ಲದ ಡಬ್ಬಿಯ ಪೌಡರ್, ರ‍್ಯಾಲಿಯ ಹಿಂದಿನ ದಿನದ ಮಾತ್ರೆ, ಇಂಜೆಕ್ಷನ್ ಇವುಗಳ ಹತ್ತಿರವೂ ಹೋಗಬೇಡಿ. ನೋವಿನ ಮಾತ್ರೆ ನುಂಗಿ ಓಡಿದರೆ ನೋವು ಕಾಣುವುದಿಲ್ಲ, ಪೆಟ್ಟು ಮಾತ್ರ ದೊಡ್ಡದಾಗುತ್ತದೆ.

ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯುತ್ತದೆ. ಓಡಬಹುದಾ?

ಎಲುಬಿನ ಉದ್ದಕ್ಕೂ ಸಣ್ಣ ನೋವಿದ್ದರೆ ಓಟ ಕಡಿಮೆ ಮಾಡಿ, ಟಾರ್ ರಸ್ತೆ ಬಿಟ್ಟು ಮಣ್ಣಿನ ಮೇಲೆ ಓಡಿ, ಸವೆದ ಶೂ ಬದಲಿಸಿ. ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದಾಗ ಚುಚ್ಚಿದ ಹಾಗೆ ನೋಯುತ್ತಿದ್ದರೆ ಅದು ಎಲುಬಿನ ಸಣ್ಣ ಬಿರುಕು ಇರಬಹುದು. ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಆ ಐದಾರು ವಾರ ಓದಿಗೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಗಾಯದ ದಿನಗಳಲ್ಲೇ ಗಣಿತದ ಭಯ ಕಳೆದುಕೊಂಡ ಹುಡುಗರಿದ್ದಾರೆ.

ಸರ್ಟಿಫಿಕೇಟ್‌ಗಳಲ್ಲಿ ಏನು ನೋಡಿಕೊಳ್ಳಬೇಕು?

ಹೆಸರು. ಇದು ನಮ್ಮ ಭಾಗದ ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ. ಕನ್ನಡದ ಹೆಸರನ್ನು ಮಲಯಾಳದಲ್ಲಿ ಬರೆದು, ಅದನ್ನು ಇಂಗ್ಲಿಷಿಗೆ ತಂದಾಗ ಸ್ಪೆಲ್ಲಿಂಗ್ ಇನ್ನೊಂದಾಗುತ್ತದೆ. ಶೆಟ್ಟಿ, ನಾಯ್ಕ, ಭಟ್, ಮೂಲ್ಯ ಯಾರೂ ಇದರಿಂದ ತಪ್ಪಿಸಿಕೊಂಡಿಲ್ಲ. ಓಟದಲ್ಲಿ ಪಾಸಾಗಿ ದಾಖಲೆಯ ಮೇಜಿನ ಮುಂದೆ ನಿಂತಾಗ ಇದು ಗೊತ್ತಾದರೆ ಅಳು ಬರುತ್ತದೆ.

ಪ್ಲಸ್ ವನ್‌ನಲ್ಲಿರುವಾಗಲೇ ಎಸ್ಸೆಸ್ಸೆಲ್ಸಿ ಪುಸ್ತಕವನ್ನು ಮುಂದಿಟ್ಟುಕೊಂಡು ಆಧಾರ್, ಪ್ಲಸ್ ಟು ರಿಜಿಸ್ಟ್ರೇಶನ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಅಕ್ಷರ ಅಕ್ಷರ ಹೋಲಿಸಿ. ಅಕ್ಷಯ ಕೇಂದ್ರದಲ್ಲಿ ತಿದ್ದಿಸಿ. ವಿಲೇಜ್ ಆಫೀಸಿನ ನೇಟಿವಿಟಿ, ಜಾತಿ ಸರ್ಟಿಫಿಕೇಟ್‌ಗಳಿಗೂ ಅದೇ ಸ್ಪೆಲ್ಲಿಂಗ್ ಕೊಡಿ. ಮುಂದೆ ಡಿಗ್ರಿಗೆ ಸೇರುವಾಗಲೂ ಇದೇ ದಾಖಲೆಗಳು ಬೇಕು, ಸೈನ್ಯದ ಕಡತಕ್ಕೆ ಡಿಗ್ರಿ ಸೇರಿಸುವಾಗಲೂ ಬೇಕು.

ಡಿಗ್ರಿ ಎರಡನೇ ವರ್ಷದಲ್ಲಿರುವಾಗ ಸೆಲೆಕ್ಷನ್ ಆಯ್ತು. ಕಾಲೇಜು ಬಿಡಬೇಕಾ?

ಹೋಗಬೇಕು ಅಂದರೆ ಬಿಡಲೇಬೇಕು. ಆದರೆ ಹೇಳದೆ ಕೇಳದೆ ಬಿಟ್ಟು ಹೋಗಬೇಡಿ. ಮುಗಿಸಿದ ಎಲ್ಲ ಸೆಮಿಸ್ಟರ್‌ಗಳ ಮಾರ್ಕ್‌ಲಿಸ್ಟ್ ತಗೊಳ್ಳಿ, ಟಿ.ಸಿ. ತಗೊಳ್ಳಿ. ಪಾಸಾದ ವಿಷಯಗಳಿಗೆ ಸಿಕ್ಕ ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅನ್ನುವ ನಿಮ್ಮ ಆನ್‌ಲೈನ್ ಖಾತೆಗೆ ಹೋಗಿವೆಯಾ ನೋಡಿ. ಮುಂದೆ ದೂರಶಿಕ್ಷಣಕ್ಕೆ ಸೇರುವಾಗ ಈ ಕಾಗದಗಳು ಕೈಯಲ್ಲಿರಬೇಕು. ಟ್ರೈನಿಂಗ್ ಸೆಂಟರಿನಿಂದ ಫೋನ್ ಮಾಡಿ "ಅಮ್ಮಾ, ಕಾಲೇಜಿಗೆ ಹೋಗಿ ಟಿ.ಸಿ. ತಾ" ಅಂತ ಹೇಳಿದರೆ ಅಮ್ಮ ಎಷ್ಟು ಸಲ ಹೋಗಿ ಬರಬೇಕು, ಯೋಚಿಸಿ.

ಟ್ರೈನಿಂಗ್ ಸಮಯದಲ್ಲಿ ಓದಬಹುದಾ?

ಇಲ್ಲ. ಆ ಆರೇಳು ತಿಂಗಳು ಡ್ರಿಲ್, ಪಿ.ಟಿ., ಆಯುಧ, ಹಿಂದಿ, ಇಷ್ಟೇ. ಫೋನ್ ಸಹ ಬೇಕಾದಾಗ ಸಿಗುವುದಿಲ್ಲ. ಆಗ ಓದಿನ ಯೋಚನೆ ಬಿಟ್ಟು ಟ್ರೈನಿಂಗ್ ಚೆನ್ನಾಗಿ ಮಾಡಿ.

ಹಾಗಾದರೆ ಕೆಲಸದಲ್ಲಿ ಇದ್ದುಕೊಂಡು ಡಿಗ್ರಿ ಮಾಡುವುದು ಹೇಗೆ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು. ಅಗ್ನಿವೀರನ ಸೇವೆ ನಾಲ್ಕು ವರ್ಷ. ಅದರಲ್ಲಿ ಟ್ರೈನಿಂಗ್ ಕಳೆದರೆ ಉಳಿಯುವುದು ಮೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ. ಡಿಗ್ರಿಗೆ ಬೇಕಾದದ್ದು ಕನಿಷ್ಠ ಮೂರು ವರ್ಷ. ಲೆಕ್ಕ ಸರಿಯಾಗಿ ಕೂರುತ್ತದೆ. ಆದರೆ ಮೊದಲ ಪೋಸ್ಟಿಂಗ್‌ಗೆ ಹೋದ ಕೂಡಲೇ ಅಡ್ಮಿಷನ್ ಆಗಬೇಕು. ಒಂದು ವರ್ಷ ಕಳೆದು ನೋಡೋಣ ಅಂದರೆ, ಮನೆಗೆ ಬರುವಾಗ ಅರ್ಧ ಡಿಗ್ರಿ ಕೈಯಲ್ಲಿರುತ್ತದೆ.

ಎಲ್ಲಿ ಸೇರುವುದು? ಹೆಚ್ಚಿನವರಿಗೆ ಇಗ್ನೋ ಅನುಕೂಲ. 1985ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ವಿಶ್ವವಿದ್ಯಾಲಯ. ಜನವರಿ ಮತ್ತು ಜುಲೈಯಲ್ಲಿ ಅಡ್ಮಿಷನ್, ಜೂನ್ ಮತ್ತು ಡಿಸೆಂಬರ್‌ನಲ್ಲಿ ಪರೀಕ್ಷೆ. ಡಿಗ್ರಿಯನ್ನು 3 ವರ್ಷದಿಂದ 6 ವರ್ಷದೊಳಗೆ ಮುಗಿಸಬಹುದು. ಸೈನ್ಯ, ನೌಕಾಪಡೆ, ಅಸ್ಸಾಂ ರೈಫಲ್ಸ್ ಇವುಗಳಿಗಾಗಿಯೇ ಅದರ ಬೇರೆ ಪ್ರಾದೇಶಿಕ ಕೇಂದ್ರಗಳಿವೆ. ಎಲ್ಲಕ್ಕಿಂತ ದೊಡ್ಡ ಅನುಕೂಲ, ಪ್ರತಿ ಸಲ ಪರೀಕ್ಷೆ ಫಾರ್ಮ್ ತುಂಬುವಾಗ ಪರೀಕ್ಷಾ ಕೇಂದ್ರವನ್ನು ನೀವೇ ಆರಿಸಬಹುದು. ಜೂನ್‌ನಲ್ಲಿ ಜೋಧಪುರದಲ್ಲಿ ಬರೆದವನು ಡಿಸೆಂಬರ್‌ನಲ್ಲಿ ತೇಜ್‌ಪುರದಲ್ಲಿ ಬರೆಯಬಹುದು.

ಅಗ್ನಿವೀರರಿಗೆ ಇನ್ನೊಂದು ದಾರಿಯೂ ಇದೆ. ಸೈನ್ಯದಲ್ಲಿ ಕಲಿತ ಕೆಲಸಕ್ಕೇ ಅರ್ಧ ಕ್ರೆಡಿಟ್ ಕೊಟ್ಟು, ಉಳಿದ ಅರ್ಧವನ್ನು ಓದಿ ಮುಗಿಸುವ ಇಗ್ನೋದ ವಿಶೇಷ ಡಿಗ್ರಿ 2022ರಲ್ಲಿ ಘೋಷಣೆ ಆಯ್ತು. ಹತ್ತನೇ ಪಾಸಾಗಿ ಸೇರಿದವರಿಗೆ ಎನ್.ಐ.ಓ.ಎಸ್. ಅನ್ನುವ ಕೇಂದ್ರದ ಮುಕ್ತ ಶಾಲೆಯ ಮೂಲಕ ಹನ್ನೆರಡನೇ ಮುಗಿಸುವ ವ್ಯವಸ್ಥೆಯೂ ಬಂತು. ಯೂನಿಟ್‌ನ ಎಜುಕೇಶನ್ ಜೆ.ಸಿ.ಓ. ಅಥವಾ ಎಜುಕೇಶನ್ ಹವಿಲ್ದಾರ್ ಹತ್ತಿರ ಹೋಗಿ ಕೇಳಿ. ನಾಚಿಕೆ ಬೇಡ. ಓದುತ್ತೇನೆ ಅಂತ ಬರುವ ಹುಡುಗನನ್ನು ಅವರು ಪ್ರೀತಿಯಿಂದ ನೋಡುತ್ತಾರೆ.

ಸೇರುವ ಮೊದಲು ಯೂನಿಟ್‌ನಿಂದ ಲಿಖಿತ ಅನುಮತಿ ತಗೊಳ್ಳಿ. ಪಾಸಾದ ಮೇಲೆ ಆ ಡಿಗ್ರಿ ನಿಮ್ಮ ಸೇವಾ ದಾಖಲೆಗೆ ಸೇರಬೇಕು, ಅದಕ್ಕೆ ಪಾರ್ಟ್ 2 ಆರ್ಡರ್ ಅನ್ನುವ ಲಿಖಿತ ಆದೇಶ ಆಗಬೇಕು. ಸರ್ಟಿಫಿಕೇಟ್ ಟ್ರಂಕಿನಲ್ಲಿದ್ದು ಆರ್ಡರ್ ಆಗದಿದ್ದರೆ ಸೈನ್ಯದ ಲೆಕ್ಕದಲ್ಲಿ ನೀವು ಈಗಲೂ ಪ್ಲಸ್ ಟು.

ಅಸೈನ್‌ಮೆಂಟ್ ಬಗ್ಗೆ ಒಂದು ಮಾತು. ಇಗ್ನೋದಲ್ಲಿ ಹೆಚ್ಚಿನ ವಿಷಯಗಳಿಗೆ 30 ಶೇಕಡಾ ಅಂಕ ಅಸೈನ್‌ಮೆಂಟ್‌ಗೆ, 70 ಪರೀಕ್ಷೆಗೆ. ಅಸೈನ್‌ಮೆಂಟ್ ಕೊಡದಿದ್ದರೆ ಪರೀಕ್ಷೆ ಎಷ್ಟು ಚೆನ್ನಾಗಿ ಬರೆದರೂ ವಿಷಯ ಮುಗಿಯುವುದಿಲ್ಲ. ಫೌಜಿಗಳ ಡಿಗ್ರಿ ಅರ್ಧಕ್ಕೆ ನಿಲ್ಲುವುದು ಇಲ್ಲೇ. ಗಾರ್ಡ್ ಡ್ಯೂಟಿ ಇಲ್ಲದ ಭಾನುವಾರಗಳಲ್ಲಿ ಒಂದೊಂದಾಗಿ ಬರೆದಿಡಿ. ಕೊಟ್ಟದ್ದಕ್ಕೆ ರಶೀದಿ ಇಟ್ಟುಕೊಳ್ಳಿ, ಅದರ ಫೋಟೋ ಮನೆಗೂ ಕಳಿಸಿ. ಟ್ರಾನ್ಸ್‌ಫರ್ ಆದಾಗ ಕಾಗದ ಕಳೆದರೂ ಅಕ್ಕನ ಫೋನ್‌ನಲ್ಲಿ ಇರುತ್ತದೆ.

ನೆಟ್ ಇಲ್ಲದ ಎತ್ತರದ ಜಾಗಕ್ಕೆ ಹೋಗುವುದು ಗೊತ್ತಾದರೆ ಮೊದಲೇ ಪಾಠಗಳನ್ನು ಇಗ್ನೋದ ವೆಬ್‌ಸೈಟ್ ಇ-ಜ್ಞಾನಕೋಶದಿಂದ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಅಚ್ಚಾದ ಪುಸ್ತಕವಂತೂ ಇರಲಿ. ಅಗ್ನಿವೀರನಿಗೆ ವರ್ಷಕ್ಕೆ 30 ದಿನ ರಜೆ. ಅಷ್ಟನ್ನೂ ಒಮ್ಮೆಗೇ ಊರ ಜಾತ್ರೆಗೆ, ಕೋಲಕ್ಕೆ ಮುಗಿಸಿದರೆ ಪರೀಕ್ಷೆಯ ಹೊತ್ತಿಗೆ ಕೈ ಖಾಲಿ. ಕೋಲ ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಕೆಲವು ದಿನಗಳನ್ನು ಪರೀಕ್ಷೆಗೆ ಉಳಿಸಿಕೊಳ್ಳಿ. ಒಂದು ಸಲಕ್ಕೆ ಎಲ್ಲ ಪೇಪರ್ ಕಟ್ಟಬೇಡಿ. ಎಷ್ಟು ಓದಿದ್ದೀರೋ ಅಷ್ಟೇ ಕಟ್ಟಿ, ಬಾಕಿ ಮುಂದಿನ ಸಲಕ್ಕೆ.

ಸೇವೆಯಲ್ಲಿ ಫಿಟ್‌ನೆಸ್ ಪರೀಕ್ಷೆ ಮತ್ತೆ ಮತ್ತೆ ಇರುತ್ತದಂತೆ. ಎರಡೂ ಒಟ್ಟಿಗೆ ಬಂದರೆ?

ಬರುತ್ತವೆ. ಸೈನ್ಯದಲ್ಲಿ ಮುಖ್ಯವಾಗಿ ಎರಡು ಪರೀಕ್ಷೆ. ಪಿ.ಪಿ.ಟಿ.ಯಲ್ಲಿ 2.4 ಕಿ.ಮೀ. ಓಟ, ಸಿಟ್‌ಅಪ್, ಚಿನ್‌ಅಪ್, ಶಟಲ್ ಎಲ್ಲ ಇರುತ್ತದೆ. ಬಿ.ಪಿ.ಇ.ಟಿ.ಯಲ್ಲಿ ಬೆನ್ನಿಗೆ ಸಾಮಾನು, ಕೈಯಲ್ಲಿ ರೈಫಲ್ ಹಿಡಿದು 5 ಕಿ.ಮೀ. ಓಟ, ಹಗ್ಗ ಹತ್ತುವುದು, ಹಳ್ಳ ಹಾರುವುದು. ಇದರಲ್ಲಿ ಬಿದ್ದವನಿಗೆ ಪ್ರಮೋಷನ್, ಕೋರ್ಸ್ ಎಲ್ಲ ನಿಲ್ಲುತ್ತದೆ. ಖಾಯಂ ಆಗುವ ಅಗ್ನಿವೀರರನ್ನು ಆರಿಸುವಾಗಲೂ ಮೈಯ ದಾಖಲೆ ನೋಡುತ್ತಾರೆ.

ಆದರೆ ಓಟ ಮಾತ್ರ ಇದ್ದರೂ ಮುಂದೆ ಹೋಗಲಾಗುವುದಿಲ್ಲ. ಪ್ರಮೋಷನ್‌ಗೆ ಮ್ಯಾಪ್ ರೀಡಿಂಗ್ ಬೇಕು, ಸೈನ್ಯದ ಎಜುಕೇಶನ್ ಸರ್ಟಿಫಿಕೇಟ್ ಬೇಕು. ಈ ಪರೀಕ್ಷೆಗಳಿಗೆ ಕೂರುವ ಅಭ್ಯಾಸ ಡಿಗ್ರಿ ಓದುವವನಿಗೆ ಮೊದಲೇ ಇರುತ್ತದೆ. ಅದಕ್ಕೇ ಹೇಳುವುದು, ಸೈನ್ಯದೊಳಗೂ ಓದು ಓಟದ ಶತ್ರು ಅಲ್ಲ.

ಡಿಗ್ರಿ ಪರೀಕ್ಷೆಯ ತಿಂಗಳಲ್ಲಿ ಓಟವನ್ನು ಪೂರ್ತಿ ನಿಲ್ಲಿಸಬೇಡಿ. ಯೂನಿಟ್ ಪಿ.ಟಿ. ಹೇಗೂ ಇದೆ, ಅಷ್ಟೇ ಸಾಕು, ಸಂಜೆಯ ಹೆಚ್ಚುವರಿ ಓಟ ಬಿಡಿ. ಬಿ.ಪಿ.ಇ.ಟಿ. ಹತ್ತಿರ ಬಂದಾಗ ಪುಸ್ತಕ ದಿನಕ್ಕೆ ಅರ್ಧ ಗಂಟೆಗೆ ಇಳಿಯಲಿ. ಸೊನ್ನೆಗೆ ಇಳಿಯಬಾರದು. ಒಮ್ಮೆ ಸೊನ್ನೆಯಾದದ್ದು ಮತ್ತೆ ಶುರುವಾಗಲು ತಿಂಗಳುಗಟ್ಟಲೆ ಬೇಕು.

ಯಾವ ಕೋರ್ಸ್ ತಗೊಳ್ಳಬೇಕು?

ಹೊರಗೆ ಬಂದು ಏನು ಮಾಡುತ್ತೀರಿ ಅನ್ನುವುದನ್ನು ಮೊದಲು ಯೋಚಿಸಿ. ಬ್ಯಾಂಕ್, ರೈಲ್ವೆ, ಎಸ್.ಎಸ್.ಸಿ. ಪರೀಕ್ಷೆಗಳ ಕಡೆ ಮನಸ್ಸಿದ್ದರೆ ಯಾವ ಡಿಗ್ರಿಯಾದರೂ ಆದೀತು, ನಿಮಗೆ ಸುಲಭವಾದ ಬಿ.ಎ. ಅಥವಾ ಬಿ.ಕಾಂ. ತಗೊಳ್ಳಿ. ಪ್ರಾಕ್ಟಿಕಲ್ ಇರುವ ಕೋರ್ಸ್ ಪೋಸ್ಟಿಂಗ್ ಬದಲಾಗುವವರಿಗೆ ಕಷ್ಟ. ಇಗ್ನೋದ ಹೆಚ್ಚಿನ ಪಾಠ ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ ಅನ್ನುವುದನ್ನು ಕನ್ನಡ ಮಾಧ್ಯಮದವರು ಮೊದಲೇ ತಿಳಿದಿರಲಿ.

ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷ ಅವಕಾಶ ಇದೆ. ಕೇರಳ ಪಿ.ಎಸ್.ಸಿ. ಕಾಸರಗೋಡಿಗೆ ಕನ್ನಡ, ಮಲಯಾಳ ಎರಡೂ ಬಲ್ಲ ಕ್ಲರ್ಕ್ ಹುದ್ದೆಗಳನ್ನು ಬೇರೆಯಾಗಿ ಕರೆಯುತ್ತದೆ. ಕನ್ನಡ ಶಾಲೆಗಳಿಗೆ ಅಧ್ಯಾಪಕರೂ ಬೇಕು, ಅದಕ್ಕೆ ಬೇಕಾದ ಅರ್ಹತಾ ಪರೀಕ್ಷೆ ಕೆ-ಟೆಟ್ ಕನ್ನಡದಲ್ಲೂ ಇದೆ. ಶಿಸ್ತು ಕಲಿತು ಬಂದ ಒಬ್ಬ ಸೈನಿಕ ನಮ್ಮ ಕನ್ನಡ ಶಾಲೆಯಲ್ಲಿ ಮಾಷ್ಟ್ರಾದರೆ ಎಷ್ಟು ಚಂದ! ಮುಂದೆ ಕನ್ನಡದಲ್ಲೇ ಎಂ.ಎ. ಮಾಡುವ ಆಸೆ ಇದ್ದರೆ ಕಾಸರಗೋಡು ಸರ್ಕಾರಿ ಕಾಲೇಜಿದೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಮನೆಯಿಂದಲೇ ಹೋಗಿ ಬರಬಹುದು.

ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಓದಬಹುದಲ್ವಾ?

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲಿ ಓದಬಹುದು, ಡಿಗ್ರಿಗೂ ಬೆಲೆ ಇದೆ. ಆದರೆ ಅದರ ದೂರಶಿಕ್ಷಣ ಕರ್ನಾಟಕದೊಳಗೆ ನಡೆಯುವುದು. ಊರಲ್ಲಿ ಇರುವವರು ಮಂಗಳೂರಿಗೆ ಹೋಗಿ ಬರೆಯಬಹುದು. ಸಿಕ್ಕಿಂನಲ್ಲಿ ಇರುವವರಿಗೆ ಕಷ್ಟ.

ಆಫೀಸರ್ ಆಗುವ ದಾರಿ ಯಾವುದು?

ಪ್ಲಸ್ ಟು ಹಂತದಲ್ಲಿ ಎನ್.ಡಿ.ಎ., ಅಂದರೆ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ ಇದೆ. ಯು.ಪಿ.ಎಸ್.ಸಿ. ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತದೆ. ಪುಣೆಯ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ ಇದ್ದು ಜೆ.ಎನ್.ಯು. ಡಿಗ್ರಿ ಪಡೆದೇ ಹೊರಗೆ ಬರುತ್ತಾರೆ. ಓಟವೂ ಓದೂ ಒಂದೇ ಕ್ಯಾಂಪಸ್‌ನಲ್ಲಿ ಒಟ್ಟಿಗೆ ನಡೆಯುವುದನ್ನು ಕಣ್ಣಾರೆ ನೋಡಬೇಕಾದರೆ ನಮ್ಮ ಪಕ್ಕದಲ್ಲೇ ಎಝಿಮಲ ಇದೆ. ಪಯ್ಯನ್ನೂರಿನ ಹತ್ತಿರದ ಈ ನೌಕಾ ಅಕಾಡೆಮಿ 2009ರಲ್ಲಿ ಉದ್ಘಾಟನೆ ಆಯ್ತು. ಅಲ್ಲಿ ಕೆಡೆಟ್‌ಗಳು ಬಿ.ಟೆಕ್. ಓದುತ್ತಾರೆ, ಅದೂ ಜೆ.ಎನ್.ಯು. ಡಿಗ್ರಿಯೇ. ಕಣ್ಣೂರಿಗೆ ಹೋಗುವ ರೈಲಿನಲ್ಲಿ ಕೂತು ಆ ಬೆಟ್ಟ ನೋಡುವ ನಮ್ಮ ಎಷ್ಟೋ ಮಕ್ಕಳಿಗೆ ಒಳಗೆ ಏನಿದೆ ಅಂತಲೇ ಗೊತ್ತಿಲ್ಲ. ಅದಕ್ಕೆ ನನಗೆ ಬೇಸರ.

ಡಿಗ್ರಿ ಆದ ಮೇಲೆ ಯು.ಪಿ.ಎಸ್.ಸಿ.ಯ ಸಿ.ಡಿ.ಎಸ್. ಪರೀಕ್ಷೆ ಬರೆಯಬಹುದು. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ 'ಸಿ' ಸರ್ಟಿಫಿಕೇಟ್ ಪಡೆದಿದ್ದರೆ, ಡಿಗ್ರಿಯಲ್ಲಿ 50 ಶೇಕಡಾ ಇದ್ದರೆ, ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್.ಎಸ್.ಬಿ. (ಆಫೀಸರುಗಳನ್ನು ಆರಿಸುವ ಮಂಡಳಿ) ಸಂದರ್ಶನಕ್ಕೆ ಹೋಗುವ ಎನ್.ಸಿ.ಸಿ. ಸ್ಪೆಷಲ್ ಎಂಟ್ರಿ ಇದೆ. ಎನ್.ಸಿ.ಸಿ.ಗೆ ದಯವಿಟ್ಟು ಸೇರಿ. ಓಟ, ಓದು ಎರಡನ್ನೂ ಒಂದೇ ಸಮವಸ್ತ್ರದಲ್ಲಿ ಕಲಿಸುವ ಜಾಗ ಅದು.

ಜವಾನರಾಗಿ ಸೇರಿದವರಿಗೂ ದಾರಿ ಇದೆ. ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜು. ಪ್ಲಸ್ ಟು ಆದ ಸೇವಾನಿರತ ಸೈನಿಕರು ಲಿಖಿತ ಪರೀಕ್ಷೆ, ಎಸ್.ಎಸ್.ಬಿ. ಪಾಸಾದರೆ ಮೂರು ವರ್ಷ ಅಲ್ಲಿ ಡಿಗ್ರಿ ಓದಿ, ಆಮೇಲೆ ಐ.ಎಂ.ಎ.ಯಲ್ಲಿ (ಇಂಡಿಯನ್ ಮಿಲಿಟರಿ ಅಕಾಡೆಮಿ) ಒಂದು ವರ್ಷ ತರಬೇತಿ ಪಡೆದು ಆಫೀಸರ್ ಆಗುತ್ತಾರೆ. ಸೇವಾವಧಿ, ವಯಸ್ಸಿನ ಷರತ್ತು ಇರುವುದರಿಂದ ಆ ವರ್ಷದ ಪ್ರಕಟಣೆ ಓದಿ ಅರ್ಜಿ ಹಾಕಬೇಕು.

ಆಫೀಸರ್ ಆದ ಮೇಲೂ ಓದು ಮುಗಿಯುವುದಿಲ್ಲ. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಸ್ಟಾಫ್ ಕಾಲೇಜಿಗೆ ಹೋಗುವವರು ಮದ್ರಾಸ್ ವಿಶ್ವವಿದ್ಯಾಲಯದ ಎಂ.ಎಸ್ಸಿ. ಪಡೆಯುತ್ತಾರೆ. ಇಂಜಿನಿಯರ್ ಆಫೀಸರುಗಳನ್ನು ಎಂ.ಟೆಕ್.ಗೆ ಐ.ಐ.ಟಿ.ಗಳಿಗೆ ಸೈನ್ಯವೇ ಕಳಿಸುತ್ತದೆ.

ಹೆಣ್ಣುಮಕ್ಕಳಿಗೆ ಏನಿದೆ?

ಬೇಕಾದಷ್ಟಿದೆ. ಸುಪ್ರೀಂ ಕೋರ್ಟ್ ಆದೇಶದ ನಂತರ ಎನ್.ಡಿ.ಎ. 2022ರಲ್ಲಿ ಹುಡುಗಿಯರನ್ನು ಸೇರಿಸಿಕೊಂಡಿತು. ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ಹೊರಗೆ ಬಂದರು. ಅಗ್ನಿವೀರರಲ್ಲಿ ಮಿಲಿಟರಿ ಪೊಲೀಸ್ ವಿಭಾಗ ಇದೆ. ನೀಟ್ ಬರೆದವರಿಗೆ ಮಿಲಿಟರಿ ನರ್ಸಿಂಗ್‌ನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಇದೆ. ಓದು, ಕೆಲಸ ಎರಡೂ ಒಟ್ಟಿಗೆ. ತೊಂದರೆ ಇರುವುದು ಮೈದಾನಕ್ಕೆ ಬರುವುದರಲ್ಲಿ. ಬೆಳಿಗ್ಗೆ ಐದಕ್ಕೆ ಮಗಳನ್ನು ಒಬ್ಬಳನ್ನೇ ಕಳಿಸಲು ಮನೆಯವರು ಹೆದರುತ್ತಾರೆ, ಅದು ಸಹಜ. ನಾಲ್ಕೈದು ಹುಡುಗಿಯರು ಸೇರಿ ಬನ್ನಿ, ಒಬ್ಬ ಅಮ್ಮ ಜೊತೆಗೆ ಬಂದು ನಡೆಯಲಿ. ಅಮ್ಮನ ಆರೋಗ್ಯಕ್ಕೂ ಒಳ್ಳೆಯದು.

ನಾಲ್ಕು ವರ್ಷ ಆದ ಮೇಲೆ ಮಗ ಖಾಲಿ ಕೈಯಲ್ಲಿ ಬಂದರೆ ಏನು ಮಾಡುವುದು?

ಈ ಪ್ರಶ್ನೆ ಕೇಳುವ ತಂದೆ ತಾಯಿಯ ಭಯ ನನಗೆ ಅರ್ಥವಾಗುತ್ತದೆ. ಖಾಯಂ ಆಗುವುದು ಹೆಚ್ಚೆಂದರೆ 25 ಶೇಕಡಾ ಮಂದಿ. ಉಳಿದವರು ಬರುತ್ತಾರೆ, ಸೇವಾ ನಿಧಿ ತಗೊಂಡು. ಸಂಬಳ ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರಲ್ಲಿ 30 ಶೇಕಡಾ ನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಹಾಕುತ್ತದೆ. ಬಡ್ಡಿ ಸೇರಿ ಸುಮಾರು 11.71 ಲಕ್ಷ ಅಂತ ಯೋಜನೆಯಲ್ಲಿ ಹೇಳಿದೆ. ಪಿಂಚಣಿ ಇಲ್ಲ.

ಹಳೆಯ ಕ್ರಮದಲ್ಲಿ 15 ವರ್ಷ ಸೇವೆ ಮಾಡಿದ ಮೆಟ್ರಿಕ್ ಪಾಸಾದ ಸೈನಿಕರು, ಡಿಗ್ರಿ ಕೇಳುವ ಕೆಲವು ಗ್ರೂಪ್ ಸಿ ಹುದ್ದೆಗಳಿಗೂ ಅರ್ಜಿ ಹಾಕಬಹುದಿತ್ತು. ನಾಲ್ಕೇ ವರ್ಷಕ್ಕೆ ಬರುವ ಅಗ್ನಿವೀರನಿಗೆ ಆ 15 ವರ್ಷ ಆಗುವುದೇ ಇಲ್ಲ. ಅವನಿಗೆ ನಿಜವಾದ ಡಿಗ್ರಿಯೇ ಬೇಕು. ಆದ್ದರಿಂದ ಅಪ್ಪ ಅಮ್ಮಂದಿರೇ, ಮಗ ಫೋನ್ ಮಾಡಿದಾಗ ಊಟ ಆಯ್ತಾ, ಚಳಿ ಇದೆಯಾ ಅಂತ ಕೇಳಿದ ಮೇಲೆ "ಅಸೈನ್‌ಮೆಂಟ್ ಕೊಟ್ಟೆಯಾ ಮಗಾ?" ಅಂತಲೂ ಕೇಳಿ. ಅವನು ಕಳಿಸಿದ ಹಣದಲ್ಲಿ ಮೊದಲು ಪರೀಕ್ಷೆ ಫೀಸಿನಷ್ಟನ್ನು ಬೇರೆ ಇಡಿ. ಆಮೇಲೆ ಬೈಕ್.

ರ‍್ಯಾಲಿಯಲ್ಲಿ ಸೆಲೆಕ್ಟ್ ಆಗದಿದ್ದರೆ ಇಷ್ಟು ದಿನದ ಓಟ ದಂಡ ಅಲ್ವಾ?

ಮೆಡಿಕಲ್‌ನಲ್ಲಿ ಹೊರಗೆ ಬಂದಿದ್ದರೆ ಮೊದಲು ಕಾರಣ ಬರೆಸಿಕೊಳ್ಳಿ. ಕಿವಿಯಲ್ಲಿ ಕುಗ್ಗೆ, ಹಲ್ಲಿನ ಹುಳುಕು ಇಂಥದ್ದಾದರೆ ಚಿಕಿತ್ಸೆ ಮಾಡಿಸಿ ಮರುಪರೀಕ್ಷೆಗೆ ಹೋಗಬಹುದು. ಅದಕ್ಕೆ ಕೊಟ್ಟ ದಿನದೊಳಗೆ ಹೇಳಿದ ಆಸ್ಪತ್ರೆಗೆ ಹೋಗಲೇಬೇಕು. ವಯಸ್ಸಿದ್ದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ. ವಯಸ್ಸು ದಾಟಿದ್ದರೂ ಅದೇ ಕಾಲು ಕೇರಳ ಪೊಲೀಸ್‌ಗೆ, ಅಬಕಾರಿಗೆ, ಫಾರೆಸ್ಟ್‌ಗೆ, ಬಿ.ಎಸ್.ಎಫ್., ಸಿ.ಆರ್.ಪಿ.ಎಫ್.ಗೆ ಓಡುತ್ತದೆ. ಅಲ್ಲೆಲ್ಲ ಲಿಖಿತ ಪರೀಕ್ಷೆಯೂ ಇದೆ. ಡಿಗ್ರಿ ಮಾಡಿದವರಿಗೆ ಸಬ್ ಇನ್‌ಸ್ಪೆಕ್ಟರ್ ಹುದ್ದೆಯೂ ಇದೆ. ಕಾಲೇಜಿನ ಹಾಜರಿ ಕೈಬಿಡದೆ ಓಡಿದವನಿಗೆ ಮರುದಿನವೇ ಹೋಗಲು ಒಂದು ಕ್ಲಾಸ್ ಇರುತ್ತದೆ. ಸೋಮವಾರ ಮೈದಾನಕ್ಕೂ ಬನ್ನಿ, ವಾಚ್ ನಾನು ತರುತ್ತೇನೆ.